ದೊಡ್ಡಮ್ಮನ ಮಗಳ ಎಸ್ಸೆಸ್ಸೆಲ್ಸಿ

ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಹೈಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಆದರೂ ನಮ್ಮ ಬ್ಯಾಚಿನಲ್ಲಿ ಎಸ್ಸೆಸ್ಸೆಲ್ಸಿಯನ್ನು ಅವಳಷ್ಟು ಗಂಭೀರವಾಗಿ ತೆಗೆದುಕೊಂಡವರು ಇನ್ನೊಬ್ಬರಿರಲಿಲ್ಲ ಎಂದು ನಾನು ಯಾವ ದೈವದ ಎದುರು ಬೇಕಾದರೂ ನಿಂತು ಹೇಳಬಲ್ಲೆ! ನಾವೆಲ್ಲ ಪರೀಕ್ಷೆಯ ಹಿಂದಿನ ದಿನವೂ ಮೊಬೈಲು ಒತ್ತುತ್ತ ಕೂತವರು. ಅವಳು ಜೂನ್ ತಿಂಗಳಲ್ಲೇ ಪೋರ್ಷನ್ ಮುಗಿಯುತ್ತದೋ ಇಲ್ಲವೋ ಎಂದು ನಿದ್ದೆಗೆಟ್ಟವಳು. ಮಗಳು ಹತ್ತನೇ ಕ್ಲಾಸಿನಲ್ಲಿದ್ದರೆ ತಾಯಿಗೆ ಚಿಂತೆ ಇರುವುದಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇರುತ್ತದೆ. ಆದರೆ ದೊಡ್ಡಮ್ಮನ ಮಗಳು ದೀಕ್ಷಾ ನಾಲ್ಕನೇ ವಯಸ್ಸಿನಲ್ಲಿ, ಅಂಗನವಾಡಿಯ ಉಪ್ಪಿಟ್ಟಿನ ರುಚಿ ಸರಿಯಾಗಿ ಹತ್ತುವ ಮೊದಲೇ, ಜ್ವರ ಬಂದು ತೀರಿಕೊಂಡಿದ್ದಳು.

ಪಾಪ, ತಲೆ ಕೆಟ್ಟಿರಬೇಕು ಎಂದುಕೊಳ್ಳಬೇಡಿ. ದೊಡ್ಡಮ್ಮನ ತಲೆ ನಮ್ಮೆಲ್ಲರ ತಲೆಗಿಂತ ನೆಟ್ಟಗಿತ್ತು. ನಮ್ಮ ಶಂಕರಪುರದಲ್ಲಿ ಮಲ್ಲಿಗೆ ಕೊಳ್ಳಲು ಬರುವ ಯಾವ ವ್ಯಾಪಾರಿಯೂ ಅವಳಿಗೆ ಒಂದು ಮೊಗ್ಗಿನಷ್ಟೂ ಮೋಸ ಮಾಡಿದ್ದಿಲ್ಲ. ವಿಷಯ ಇಷ್ಟೇ. ನಮ್ಮ ಕಡೆ ಸತ್ತ ಮಕ್ಕಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಇಲ್ಲಿ ನಾವು ಬೆಳೆದ ಹಾಗೆಯೇ ಅಲ್ಲಿ ಅವರೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಅವರಿಗೂ ಮದುವೆ ಮಾಡಬೇಕು. ಅದೇ ರೀತಿ ಎಳವೆಯಲ್ಲಿ ತೀರಿಕೊಂಡ ಹುಡುಗನೊಬ್ಬನನ್ನು ಇನ್ನೊಂದು ಮನೆಯಲ್ಲಿ ಹುಡುಕಿ, ಜಾತಿ, ಬಳಿ ಎನ್ನುವ ಕುಲ ಎಲ್ಲ ನೋಡಿ, ಮಳೆಗಾಲದ ಆಟಿ ತಿಂಗಳಲ್ಲಿ ಸದ್ದಿಲ್ಲದೆ ಧಾರೆ ಎರೆದು ಕೊಡಬೇಕು. ಮಾಡದಿದ್ದರೆ ಮನೆಯಲ್ಲಿ ಹಾಲು ಒಡೆಯುತ್ತದೆ, ಬದುಕಿರುವವರ ಮದುವೆ ಮುರಿಯುತ್ತದೆ, ಮಧ್ಯಾಹ್ನದ ಹೊತ್ತು ಬಾಗಿಲಲ್ಲಿ ಯಾರೋ ನಿಂತು ಹೋದ ಹಾಗಾಗುತ್ತದೆ. ಇದನ್ನು ಪ್ರೇತ ಮದುವೆ ಎನ್ನುತ್ತಾರೆ. ಇಷ್ಟನ್ನು ಊರಿನವರೆಲ್ಲ ತಲೆಯಾಡಿಸಿ ಒಪ್ಪುತ್ತಾರೆ. ದೊಡ್ಡಮ್ಮ ಅದರ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು:

"ಉದ್ದ ಬೆಳೀಲಿಕ್ಕೆ ಆಗ್ತದೆ, ಮದುವೆ ಆಗ್ಲಿಕ್ಕೆ ಆಗ್ತದೆ, ಶಾಲೆಗೆ ಹೋಗ್ಲಿಕ್ಕೆ ಮಾತ್ರ ಆಗುದಿಲ್ವಾ? ಅದೆಂತ ನ್ಯಾಯ?"

ಅಜ್ಜಿ ಎಲೆಯಡಿಕೆಯ ತಟ್ಟೆ ಹುಡುಕಿದಳು. ಜ್ಯೋತಿಷಿಗಳು ಕವಡೆ ಸರಿಸಿ ನೀರು ಕುಡಿದರು.

ದೀಕ್ಷಾ ನನಗಿಂತ ಕೆಲವು ತಿಂಗಳು ದೊಡ್ಡವಳು. ಹೀಗಾಗಿ ನಾನು ಒಂದನೇ ಕ್ಲಾಸಿಗೆ ಸೇರಿದಾಗ ಅವಳೂ ಸೇರಿದಳು. ನಾನು ಪಾಸಾದಾಗ ಅವಳೂ ಪಾಸಾದಳು. ಬದುಕಿದ್ದ ದೀಕ್ಷಾಳದ್ದು ನನಗೆ ಒಂದು ಚೂರೂ ನೆನಪಿಲ್ಲ. ಸತ್ತ ದೀಕ್ಷಾಳ ನೆನಪುಗಳಿಗೆ ಮಾತ್ರ ಲೆಕ್ಕವೇ ಇಲ್ಲ! ಇವುಗಳಲ್ಲಿ ಯಾವುದು ನಡೆದದ್ದು, ಯಾವುದು ನಾನೇ ಹೇಳಿ ಹೇಳಿ ನಡೆದಂತಾದದ್ದು ಎಂದು ಬೇರ್ಪಡಿಸಲು ಹೊರಟರೆ ಹೂವಿನ ಮಾಲೆಯಿಂದ ಬಾಳೆ ನಾರು ಎಳೆದ ಹಾಗಾಗುತ್ತದೆ. ಕೊನೆಗೆ ಕೈಯಲ್ಲಿ ನಾರು ಮಾತ್ರ ಉಳಿಯುತ್ತದೆ. ಇನ್ನೊಂದು ಮಾತು. ದೊಡ್ಡಮ್ಮ ಮಾತಾಡಿದ್ದೆಲ್ಲ ತುಳುವಿನಲ್ಲಿ. ಅದನ್ನು ಇಲ್ಲಿ ಕನ್ನಡಕ್ಕೆ ತರುವಾಗಲೇ ಅವಳ ಅರ್ಧ ಮುಖ ಅಳಿಸಿಹೋಗಿದೆ. ಉಳಿದರ್ಧವನ್ನು ನೀವು ನಂಬಿದರೆ ನಂಬಿ.

ನಮ್ಮದೂ ಅವಳದೂ ಒಂದೇ ಅಂಗಳದ ಎರಡು ಮನೆ. ಬೆಳಗಿನ ಹೊತ್ತು ಮೊಗ್ಗು ಕೊಯ್ದು ತಂದು ದೊಡ್ಡಮ್ಮ ಜಗಲಿಯಲ್ಲಿ ಕಟ್ಟಲು ಕೂರುತ್ತಿದ್ದಳು. ನಾನು ಯೂನಿಫಾರ್ಮ್ ಹಾಕಿಕೊಂಡು ಬರುವಷ್ಟರಲ್ಲಿ ಎರಡು ತುಂಡು ಮಾಲೆ ಸಿದ್ಧ.

"ಇದು ನಿನಗೆ. ಇದು ಅವಳಿಗೆ. ನಿನ್ನೆ ಶಾಲೆಯಲ್ಲಿ ಎಂತ ಆಯ್ತು?"

"ಎಂತ ಆಗ್ಲಿಲ್ಲ ದೊಡ್ಡಮ್ಮ."

"ನಿನ್ನದು ಗೊತ್ತುಂಟು. ಅವಳದ್ದು ಕೇಳಿದ್ದು."

ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ, ಬಸ್ಸು ತಪ್ಪಬಾರದೆಂದು, ಏನಾದರೊಂದು ಹೇಳತೊಡಗಿದೆ. ದೀಕ್ಷಾ ನಿನ್ನೆ ಪದ್ಯ ಬಾಯಿಪಾಠ ಒಪ್ಪಿಸಿದಳು. ದೀಕ್ಷಾ ಚಪ್ಪಲಿ ಮರೆತು ಬಂದಳು. ವಿಚಿತ್ರವೆಂದರೆ ದೊಡ್ಡಮ್ಮ ಎಲ್ಲವನ್ನೂ ಒಪ್ಪುತ್ತಿರಲಿಲ್ಲ. "ಸುಳ್ಳು. ಅವಳು ಹಾಗೆಲ್ಲ ಎದುರು ಮಾತಾಡುವವಳಲ್ಲ" ಎಂದು ಕೆಲವನ್ನು ಅಲ್ಲೇ ತಳ್ಳಿಹಾಕುತ್ತಿದ್ದಳು. ಇನ್ನು ಕೆಲವಕ್ಕೆ ಕೈ ನಿಲ್ಲಿಸಿ, "ಹೌದು, ಅದು ನಂಗೆ ಗೊತ್ತಾಯ್ತು" ಎನ್ನುತ್ತಿದ್ದಳು. ಗೊತ್ತಾದದ್ದು ಹೇಗೆ? ನಾನು ಅದನ್ನು ಕಟ್ಟಿದ್ದೇ ಆಗ, ಚಪ್ಪಲಿ ಮೆಟ್ಟುತ್ತಿರುವಾಗ!

ಬಸ್ಸಿನ ಕಥೆ ಬೇರೆಯೇ. ರಜೆಯ ದಿನ ದೊಡ್ಡಮ್ಮನೊಂದಿಗೆ ಉಡುಪಿಗೆ ಹೋಗುವುದೆಂದರೆ ನನಗೆ ಒಂದೇ ಹೊಟ್ಟೆಕಿಚ್ಚು. ಕಿಟಕಿಯ ಪಕ್ಕದ ಸೀಟು ದೀಕ್ಷಾಳದ್ದು. ಮಧ್ಯದಲ್ಲಿ ದೊಡ್ಡಮ್ಮ. ನಾನು ಆಚೆ ತುದಿಯಲ್ಲಿ, ಬ್ರೇಕ್ ಹಾಕಿದರೆ ಬೀಳುವ ಜಾಗದಲ್ಲಿ. ಬಸ್ಸು ಎಷ್ಟೇ ತುಂಬಿರಲಿ, ಯಾರಾದರೂ ಬಂದು ಆ ಸೀಟು ತೋರಿಸಿದರೆ ದೊಡ್ಡಮ್ಮ ಶಾಂತವಾಗಿ, "ಇಲ್ಲಿ ಜನ ಉಂಟು" ಎನ್ನುತ್ತಿದ್ದಳು. ಬಂದವರು ಸೀಟು ನೋಡುವರು, ಅವಳನ್ನು ನೋಡುವರು, ಮತ್ತೆ ಸೀಟು ನೋಡುವರು. ಆಮೇಲೆ ಯಾಕೋ ಯಾರೂ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ದೊಡ್ಡಮ್ಮ ಆ ಸೀಟಿಗೂ ಟಿಕೆಟ್ ತೆಗೆಯುತ್ತಿದ್ದಳು, ಅರ್ಧ ಟಿಕೆಟ್. ದೀಕ್ಷಾಳಿಗೆ ಹನ್ನೆರಡು ತುಂಬಿದ ಮೇಲೆ ತಾನಾಗಿಯೇ ಕಂಡಕ್ಟರನನ್ನು ಕರೆದು ಫುಲ್ ಕೇಳಿದಳು.

"ಎಂತಕ್ಕಮ್ಮ ಸುಮ್ಮನೆ?" ಎಂದ ಅವನು.

"ನಾಳೆ ಚೆಕಿಂಗಿನವರು ಬಂದ್ರೆ? ಹುಡುಗಿ ಉದ್ದ ಆಗಿದ್ದಾಳೆ, ನೋಡಿದ್ರೆ ಗೊತ್ತಾಗ್ತದೆ."

ಕಂಡಕ್ಟರ್ ನೋಡಿದ. ನನಗೆ ಚೆನ್ನಾಗಿ ನೆನಪಿದೆ, ಅವನು ಕುತ್ತಿಗೆ ಬಗ್ಗಿಸಿ ಸೀಟಿನ ಕಡೆ ನೋಡಿ, ಫುಲ್ ಟಿಕೆಟ್ ಹರಿದುಕೊಟ್ಟ!

ಇನ್ನು ದೀಕ್ಷಾಳ ಪಾಲಿನ ಹೂವು. ಅದನ್ನು ನಾನು ಶಾಲೆಯಲ್ಲಿ ನಮ್ಮ ಬೆಂಚಿನ ತುದಿಯಲ್ಲಿ ಇಡುತ್ತಿದ್ದೆ. ಹೈಸ್ಕೂಲು ಬೆಳ್ಮಣ್ ಬಸ್ಸಿನ ದಾರಿಯಲ್ಲಿ, ಗುಡ್ಡದ ಮೇಲೆ. ಎಂಟನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸಂಧ್ಯಾ ಒಂದು ದಿನ, "ಬಾಡಿ ಹೋಗ್ತದಲ್ವಾ ಮಾರಾಯ್ತಿ, ನಂಗೆ ಕೊಡು" ಎಂದು ತನ್ನ ಗಿಡ್ಡ ಕೂದಲಿಗೆ ಪಿನ್ನು ಹಾಕಿ ಮುಡಿದುಕೊಂಡಳು. ಸಂಧ್ಯಾಳಿಗೂ ಗಣಿತಕ್ಕೂ ಹುಟ್ಟಿನಿಂದ ಮಾತುಕತೆ ಇರಲಿಲ್ಲ. ಆ ದಿನ ಟೀಚರು ಬೋರ್ಡಿನಲ್ಲಿ ಬರೆದ ಲೆಕ್ಕಕ್ಕೆ ಕೂತಲ್ಲಿಂದಲೇ ಉತ್ತರ ಹೇಳಿದಳು. ಹೇಳಿ, ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ, ಹೂವಿಗೆ ಪಾಳಿ! ಟೆಸ್ಟಿನ ದಿನ ಬೆಳಿಗ್ಗೆ ಗೇಟಿನಲ್ಲೇ ನನ್ನನ್ನು ಅಡ್ಡಗಟ್ಟುತ್ತಿದ್ದರು. ಒಂದು ಟೆಸ್ಟಿನಲ್ಲಿ ಸಮಾಜ ವಿಜ್ಞಾನಕ್ಕೆ ಹೂವು ಮುಡಿದವಳು ಹೀನಾಯವಾಗಿ ಫೇಲಾದಳು. ಆ ಸಂಜೆ ಹುಡುಗಿಯರೆಲ್ಲ ಸೇರಿ ತೀರ್ಮಾನಕ್ಕೆ ಬಂದರು: ದೀಕ್ಷಾ ಗಣಿತದಲ್ಲಿ ಜಾಣೆ, ಸಮಾಜದಲ್ಲಿ ಅಷ್ಟಕ್ಕಷ್ಟೆ.

ನಮ್ಮ ವಿಜ್ಞಾನದ ಮೇಷ್ಟ್ರಿಗೆ ಈ ಸುದ್ದಿ ಮುಟ್ಟಿತು. ಅವರು ಮಣಿಪಾಲದಿಂದ ಬೈಕಿನಲ್ಲಿ ಬರುತ್ತಿದ್ದವರು, ದೆವ್ವ ಭೂತ ಎಂದರೆ ಮೂಗು ಮುರಿಯುವವರು. ಒಂದು ಇಡೀ ಪೀರಿಯಡ್ ನಮಗೆ ಬೈದರು. "ಮೊಬೈಲು ಹಿಡ್ಕೊಂಡು ತಿರುಗುವ ಕಾಲದಲ್ಲಿ ಎಂತದು ಇದು? ಇನ್ನು ಆ ಹೆಸರು ಈ ಕ್ಲಾಸಿನಲ್ಲಿ ಕೇಳಬಾರದು!" ಕೇಳಲಿಲ್ಲ. ಕೆಲವು ವಾರ ಕಳೆದವು. ಅವರು ನಮಗೆ ಬೆನ್ನು ಹಾಕಿ ಬೋರ್ಡಿನಲ್ಲಿ ಚಿತ್ರ ಬರೆಯುತ್ತಿದ್ದರು. ಕ್ಲಾಸು ಪೂರ್ತಿ ಮೌನ. ಒಬ್ಬರೂ ಪಿಸುಗುಟ್ಟಿರಲಿಲ್ಲ.

"ದೀಕ್ಷಾ, ಮಾತು ಸಾಕು," ಎಂದರು ಮೇಷ್ಟ್ರು.

ಸೀಮೆಸುಣ್ಣ ಬೋರ್ಡಿನ ಮೇಲೆ ನಿಂತುಬಿಟ್ಟಿತು. ಅವರು ತಿರುಗಲಿಲ್ಲ. ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ಮುಂದಿನ ಬೆಂಚಿಗೆ ಕಾಣಿಸುತ್ತಿತ್ತು. ಆಮೇಲೆ, ಬೋರ್ಡಿಗೇ ಹೇಳುವಂತೆ, "ಬೆಳಕು ಒಂದು ಮಾಧ್ಯಮದಿಂದ ಇನ್ನೊಂದು ಮಾಧ್ಯಮಕ್ಕೆ ಹೋಗುವಾಗ ಬಾಗುತ್ತದೆ," ಎಂದು ಪಾಠ ಮುಂದುವರಿಸಿದರು.

ನಾವು ಒಂಬತ್ತರಲ್ಲಿದ್ದಾಗ, ಆಟಿ ತಿಂಗಳಲ್ಲಿ, ಮನೆಗೆ ಮದುವೆಯ ಬ್ರೋಕರ್ ಬಂದ. ಕಾರಣ ನನ್ನ ಸೋದರಮಾವ. ಅವನಿಗೆ ಬಂದ ಸಂಬಂಧಗಳೆಲ್ಲ ಒಂದೊಂದಾಗಿ ತಪ್ಪುತ್ತಿದ್ದವು. ಜ್ಯೋತಿಷಿಗಳು ಪ್ರಶ್ನೆ ಇಟ್ಟು ನೋಡಿ, ಕುಟುಂಬದಲ್ಲಿ ಸತ್ತ ಹೆಣ್ಣು ಮಗುವೊಂದು ಪ್ರಾಯಕ್ಕೆ ಬಂದಿದೆ, ಅದಕ್ಕೆ ಮದುವೆಯಾಗದೆ ಇವನಿಗೆ ಆಗುವುದಿಲ್ಲ ಎಂದರು. ಮಾವನನ್ನು ಕಣ್ಣಾರೆ ಕಂಡವರಿಗೆ, ಅವನ ಸಿಟ್ಟಿನ ಎದುರು ಒಮ್ಮೆ ಕೂತವರಿಗೆ, ಬೇರೆ ಕಾರಣ ಬೇಕಾಗಿರಲಿಲ್ಲ. ಆದರೆ ಕಾರಣ ಸಿಕ್ಕಿದ ಮೇಲೆ ಬಿಡುವುದುಂಟೇ? ಅಜ್ಜಿ ಕಾರ್ಕಳದ ಒಬ್ಬ ಬ್ರೋಕರನನ್ನು ಕರೆಸಿದಳು.

"ಹುಡುಗ ಕಾಪುವಿನವ," ಎಂದು ಶುರುಮಾಡಿದ ಅವನು, ಕಾಲು ಮೇಲೆ ಕಾಲು ಹಾಕಿ. "ಒಳ್ಳೆ ಮನೆ. ಮೀನಿನ ವ್ಯಾಪಾರ. ಹುಡುಗನಿಗೆ ಎಂತ ಕೆಟ್ಟ ಚಟ ಇಲ್ಲ."

"ಎಲ್ಲಿಂದ ಇರ್ತದೆ!" ಎಂದಳು ನನ್ನ ಅಮ್ಮ.

"ಎಷ್ಟು ಓದಿದ್ದಾನೆ?" ಇದು ದೊಡ್ಡಮ್ಮ.

"ಆರನೇ ಕ್ಲಾಸಿನಲ್ಲಿದ್ದಾಗ ಕಡಲಿನಲ್ಲಿ ಹೋದದ್ದಲ್ವಾ ಅಮ್ಮ."

"ಅದು ಸರಿ. ಮತ್ತೆ ಮುಂದೆ ಓದ್ಲಿಲ್ವಾ?"

ಬ್ರೋಕರ್ ಬದುಕಿರುವವರ ಸಂಬಂಧಗಳಲ್ಲಿ ಎಂತೆಂಥ ಪ್ರಶ್ನೆಗಳನ್ನೋ ಎದುರಿಸಿದವನು. ಇದಕ್ಕೆ ಕಾಲು ಕೆಳಗಿಳಿಸಿದ.

"ಆರಕ್ಕೆ ಶಾಲೆ ಬಿಟ್ಟ ಹುಡುಗನಿಗೆ ನನ್ನ ಮಗಳನ್ನು ಕೊಡುದಿಲ್ಲ," ಎಂದಳು ದೊಡ್ಡಮ್ಮ. "ಅಲ್ಲದೆ ಅವಳಿಗೆ ಹದಿನೈದೂ ತುಂಬಲಿಲ್ಲ. ಹದಿನೆಂಟಾಗದೆ ಮದುವೆ ಮಾಡಿದ್ರೆ ಪೊಲೀಸ್ ಕೇಸ್ ಆಗ್ತದೆ, ಗೊತ್ತುಂಟಾ?"

"ಅಮ್ಮಾ, ಅಲ್ಲಿ ಆ ಕಾನೂನು ಇಲ್ಲ!"

"ನೀವು ಹೋಗಿ ನೋಡಿ ಬಂದದ್ದಾ?"

ನಾವೆಲ್ಲ ನಕ್ಕೆವು. ಅಜ್ಜಿ ನಗಲಿಲ್ಲ. ಮಗನ ಮದುವೆ ಕಾಣದೆ ನಾನು ಕಣ್ಣು ಮುಚ್ಚಬೇಕಾ ಎಂದು ಸೆರಗು ಬಾಯಿಗೆ ತುಂಬಿಕೊಂಡಳು. ಆಗ ದೊಡ್ಡಮ್ಮನ ಮುಖದಲ್ಲಿ ನಾನು ಮೊದಲ ಸಲ ಹೆದರಿಕೆ ಕಂಡೆ. ಯಾಕೆಂದರೆ ಮದುವೆಯಾದ ಹೆಣ್ಣು ಸತ್ತಿದ್ದರೂ ಗಂಡನ ಮನೆಯವಳೇ. ಹಬ್ಬದ ದಿನಗಳಲ್ಲಿ ಸತ್ತವರಿಗೆ ಒಳಗೆ ಎಲೆ ಹಾಕಿ ಬಡಿಸುವಾಗ ದೊಡ್ಡಮ್ಮ ದೀಕ್ಷಾಳಿಗೂ ಒಂದು ಎಲೆ ಹಾಕುತ್ತಿದ್ದಳು. ಧಾರೆ ಎರೆದ ಮೇಲೆ ಆ ಎಲೆ ಈ ಮನೆಯಲ್ಲಿಲ್ಲ. ಅವಳ ಹೆಸರು ಹಿಡಿದು ಕರೆಯುವಂತೆಯೂ ಇಲ್ಲ, ಕರೆದರೆ ಅಲ್ಲಿ ಅವಳ ಸಂಸಾರಕ್ಕೆ ತೊಂದರೆ. ಹೂವಿಲ್ಲ, ಶಾಲೆಯ ಸುದ್ದಿ ಇಲ್ಲ, ಕಿಟಕಿಯ ಸೀಟಿಲ್ಲ.

ಕೊನೆಗೆ ದೊಡ್ಡಮ್ಮ ಹೇಳಿದಳು: "ಹತ್ತನೆಯದು ಪಾಸಾಗಲಿ. ಆ ವರ್ಷದ ಆಟಿಯಲ್ಲಿ ಮಾಡುವ. ಫೇಲಾದ್ರೆ ಪಾಸಾಗುವ ವರೆಗೆ ಯಾರೂ ಮಾತೆತ್ತಬಾರದು."

"ಪಾಸಾ ಫೇಲಾ ಅಂತ ಹೇಳುದು ಯಾರು?" ಎಂದ ಬ್ರೋಕರ್.

ದೊಡ್ಡಮ್ಮ ಬೆರಳು ತೋರಿಸಿದಳು. ನನ್ನ ಕಡೆಗೆ.

ಹತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ಶಾಲೆಯಿಂದ ಕಾಪು ಕಡಲ ತೀರಕ್ಕೆ ಪಿಕ್‌ನಿಕ್ ಹೋದೆವು. ಜೊತೆಗೆ ಒಬ್ಬ ತಾಯಿ ಬೇಕೆಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ದೊಡ್ಡಮ್ಮ. ಮಗಳಿಗೆ ಈಜು ಬರುವುದಿಲ್ಲ, ನೀರಿಗಿಳಿಯದಂತೆ ನೋಡಿಕೊಳ್ಳಬೇಕು ಎಂಬ ಕಾರಣ ಕೊಟ್ಟಳು. ನಿಜವಾದ ಕಾರಣ ನಾವೆಲ್ಲ ಬಂಡೆ ಹತ್ತಿ ದೀಪಸ್ತಂಭದ ಬುಡದಲ್ಲಿ ಸೆಲ್ಫಿ ತೆಗೆಯುತ್ತಿದ್ದಾಗ ಗೊತ್ತಾಯಿತು. ನನ್ನ ಕೈ ಹಿಡಿದು, "ಬಾ, ಹುಡುಗನ ಮನೆ ಇಲ್ಲೇ ಹತ್ತಿರ," ಎಂದು ಎಳೆದುಕೊಂಡು ಹೋದಳು.

ಹುಡುಗನ ತಾಯಿ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ಪರಿಚಯವಾಯಿತು. ನೀರು ಬೆಲ್ಲ ಬಂತು. ದೊಡ್ಡಮ್ಮ ತಡಮಾಡಲಿಲ್ಲ.

"ಹುಡುಗ ಆರಕ್ಕೆ ನಿಲ್ಸಿದನಂತೆ?"

"ಯಾರು ಹೇಳಿದ್ದು?" ಆ ತಾಯಿಗೆ ಸಿಟ್ಟೇ ಬಂತು. "ಪಿಯುಸಿ ಆಗಿದೆ ಅವನದ್ದು! ಈಗ ಬೋಟಿನ ಇಂಜಿನ್ ಕೆಲಸ ಕಲೀತಾ ಇದ್ದಾನೆ."

ದೊಡ್ಡಮ್ಮ ಅವಳನ್ನು ನೋಡಿದಳು. ತನ್ನ ಭಾಷೆ ಮಾತಾಡುವವಳು ಪರದೇಶದಲ್ಲಿ ಸಿಕ್ಕಿದ ಹಾಗಿತ್ತು ಆ ನೋಟ. "ಆ ಬ್ರೋಕರನಿಗೆ ಎಂತ ಗೊತ್ತುಂಟು!" ಎಂದು ಹತ್ತಿರ ಸರಿದು ಕೂತಳು.

ಅಂಗಳದ ಹಗ್ಗದಲ್ಲಿ ಒಂದು ಬಿಳಿ ಅಂಗಿ ಒಣಗುತ್ತಿತ್ತು. ಪ್ರತಿ ವರ್ಷ ಶಾಲೆ ಶುರುವಾಗುವಾಗ ಆ ತಾಯಿ ಮಗನಿಗೆ ಒಂದು ಅಂಗಿ ತರುತ್ತಿದ್ದಳಂತೆ, ಹಿಂದಿನ ವರ್ಷದ್ದಕ್ಕಿಂತ ಒಂದು ಅಳತೆ ದೊಡ್ಡದು. ಪಕ್ಕದ ಮನೆಯ ಅದೇ ಪ್ರಾಯದ ಹುಡುಗನ ಬೆನ್ನಿಗೆ ಹಿಡಿದು ನೋಡುತ್ತಿದ್ದಳಂತೆ. "ಇದು ಈ ವರ್ಷದ್ದು," ಎಂದಳು.

"ಎತ್ತರ ಜಾಸ್ತಿ ಆಯ್ತೋ ಏನೋ," ಎಂದಳು ದೊಡ್ಡಮ್ಮ. "ನೀನು ಹೋಗಿ ನಿಲ್ಲು ಮಗಾ. ಅವಳು ನಿನ್ನಷ್ಟೇ ಅಲ್ವಾ."

ನಾನು ಅಂಗಿಯ ಪಕ್ಕ ನಿಂತೆ. ಮೂರು ವರ್ಷದ ಪಿಕ್‌ನಿಕ್ಕುಗಳಲ್ಲಿ ಇಂಥ ಆಟ ನಾನು ಆಡಿರಲಿಲ್ಲ, ನಗು ತಡೆದುಕೊಂಡಿದ್ದೆ. ಆಗ ಕಡಲಿನಿಂದ ಗಾಳಿ ಬಂತು. ಅಂಗಿ ತುಂಬಿಕೊಂಡಿತು. ಎದೆ ಬಂತು, ಹೆಗಲು ಬಂತು, ತೋಳು ಮೆಲ್ಲನೆ ಎದ್ದು ನನ್ನ ತೋಳಿಗೆ ತಾಗಿತು. ಗಾಳಿ ನಿಂತಿತು. ಒಣಗಲು ಹಾಕಿದ್ದ ಬಲೆಯ ತುದಿಗಳು, ದೊಡ್ಡಮ್ಮನ ಸೆರಗು, ಎಲ್ಲವೂ ಕೆಳಗೆ ಬಿದ್ದವು. ಅಂಗಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಇತ್ತೇ? ಇತ್ತು ಎಂದು ಈಗ ಬರೆಯುವಾಗ ಅನಿಸುತ್ತದೆ. ಅವತ್ತು ನಾನು ಓಡಿಬಂದು ಜಗಲಿಯಲ್ಲಿ ಕೂತೆ, ಅಷ್ಟು ಖಂಡಿತ.

"ಜೋಡಿ ಸರಿ ಉಂಟು," ಎಂದಳು ಹುಡುಗನ ತಾಯಿ. ಮತ್ತೆ, "ಮಗಳು ಮೀನು ತಿಂತಾಳಾ?"

"ತಿಂತಾಳೆ," ಎಂದಳು ದೊಡ್ಡಮ್ಮ. "ಮುಳ್ಳು ತೆಗೆದುಕೊಡ್ಬೇಕು."

"ಈಗಲೂ?"

"ಅಭ್ಯಾಸ ಆಗಿಹೋಗಿದೆ."

ಹುಡುಗನ ತಾಯಿ ತಲೆಯಾಡಿಸಿದಳು. "ನಾನು ತೆಗೆದುಕೊಡ್ತೇನೆ."

ವಾಪಸು ಬರುವಾಗ ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕೂತಳು. ಅವತ್ತು ಸಂಜೆ ಬೆಳ್ಮಣ್ ರಸ್ತೆಯ ವರೆಗೂ ಬಸ್ಸಿನಲ್ಲಿ ಹುಡುಗರು ಕುಣಿಯುತ್ತಿದ್ದರು. ಅವಳ ಪಕ್ಕದ ಕಿಟಕಿ ಸೀಟು ಮಾತ್ರ ಖಾಲಿ. ಅಷ್ಟು ಗಲಾಟೆಯಲ್ಲೂ ಒಬ್ಬನೂ ಅಲ್ಲಿ ಹೋಗಿ ಬೀಳಲಿಲ್ಲ.

ಇನ್ನು ಬೀಳ್ಕೊಡುಗೆಯ ದಿನಕ್ಕೆ ಬರುತ್ತೇನೆ. ಇದು ಬಹಳ ಜಾರುವ ಜಾಗ. ಈಗ ನಾವು ಚದುರಿಹೋಗಿದ್ದೇವೆ, ನಾನು ಮಣಿಪಾಲದಲ್ಲಿ ಓದುತ್ತಿದ್ದೇನೆ. ಮೊನ್ನೆ ಯಾರೋ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆ ದಿನದ ಫೋಟೋ ಹಾಕಿದರು. ಕೂಡಲೇ ಯುದ್ಧ! ಆ ದಿನ ಸಿಹಿ ಜಿಲೇಬಿಯೋ ಲಾಡೋ ಎಂಬಲ್ಲಿಂದ ಹಿಡಿದು ಅತ್ತವರು ಯಾರು ಎಂಬ ವರೆಗೆ ಒಬ್ಬರ ಮಾತು ಇನ್ನೊಬ್ಬರಿಗೆ ಆಗುವುದಿಲ್ಲ. ಫೋಟೋದಲ್ಲಿ ನಾನೂ ಸಂಧ್ಯಾಳೂ ಅಕ್ಕಪಕ್ಕ ನಿಂತಿದ್ದೇವೆ, ಮಧ್ಯದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು. ಯಾಕೆ ಬಿಟ್ಟೆವೆಂದು ಇಬ್ಬರಿಗೂ ನೆನಪಿಲ್ಲ. ಇಬ್ಬರ ತಲೆಯೂ ಆ ಜಾಗದ ಕಡೆಗೇ ವಾಲಿದೆ.

ಆದ್ದರಿಂದ ಮುಂದಿನದ್ದು ನನ್ನ ಆವೃತ್ತಿ ಮಾತ್ರ. ದೊಡ್ಡಮ್ಮ ಅವತ್ತು ಇಡೀ ಕ್ಲಾಸಿಗೆ ಮಲ್ಲಿಗೆ ಕಳಿಸಿದ್ದಳು. ಪ್ರತಿಯೊಬ್ಬರೂ ಎದ್ದು ಶಾಲೆಯ ಮರೆಯಲಾಗದ ಒಂದು ನೆನಪು ಹೇಳಬೇ‌ಕಿತ್ತು. ಎಲ್ಲರೂ ಹೇಳುವುದನ್ನೇ ಹೇಳಿದರು: ಮಾವಿನಕಾಯಿ, ಪೆಟ್ಟು, ಗೋಡೆ ಹಾರಿದ್ದು. ಆಮೇಲೆ ಹಿಂದಿನ ಬೆಂಚಿನಿಂದ ರಿಯಾಜ್ ಎದ್ದ. ಅವನು ಬೆಳ್ಮಣ್‌ನಿಂದ ಬರುತ್ತಿದ್ದ ಹುಡುಗ, ಮೂರು ವರ್ಷದಲ್ಲಿ ನಮ್ಮ ಕಿವಿಗೆ ಬಿದ್ದ ಅವನ ಮಾತುಗಳನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆಯಬಹುದಿತ್ತು.

"ಎಂಟನೇ ಕ್ಲಾಸಿನ ಮೊದಲ ದಿನ ನಾನು ಗೇಟಿನ ಹೊರಗೆ ನಿಂತಿದ್ದೆ," ಎಂದ. "ನಂಗೆ ಕನ್ನಡ ಸರಿ ಬರ್ತಿರಲಿಲ್ಲ. ಒಳಗೆ ಬರ್ಲಿಕ್ಕೆ ಹೆದರಿಕೆ. ಮೆಟ್ಟಿಲಲ್ಲಿ ಒಂದು ಹುಡುಗಿ ನಿಂತು 'ಬಾ' ಅಂತ ಕೈ ಮಾಡಿದ್ಳು. ಎರಡು ಜಡೆ. ಒಂದರಲ್ಲಿ ಮಾತ್ರ ಹೂ. ಆಮೇಲೆ ಅವಳನ್ನು ಕ್ಲಾಸಿನಲ್ಲಿ ಹುಡುಕಿದೆ, ಸಿಗ್ಲಿಲ್ಲ. ಯಾರು ಅಂತ ನಂಗೆ ಈಗ ಗೊತ್ತು."

ಕೂತುಬಿಟ್ಟ.

"ಅದು ನಾನು ಮಾರಾಯ!" ಎಂದಳು ಸಂಧ್ಯಾ. ಸಂಧ್ಯಾಳದ್ದು ಬಾಬ್ ಕಟ್, ಒಂದನೇ ಕ್ಲಾಸಿನಿಂದಲೂ.

ಯಾರೂ ನಗಲಿಲ್ಲ. ಇನ್ನೊಬ್ಬಳು ಎದ್ದು, ಪರೀಕ್ಷೆಯಲ್ಲಿ ಪೆನ್ನು ನಿಂತಾಗ ಪಕ್ಕದಿಂದ ಯಾರೋ ಪೆನ್ನು ಚಾಚಿದ್ದನ್ನೂ, ಪಕ್ಕದ ಸೀಟು ಖಾಲಿ ಇದ್ದದ್ದನ್ನೂ ಹೇಳಿದಳು. ಮತ್ತೊಬ್ಬನ ಉಪ್ಪಿನಕಾಯಿ ದಿನಾ ಕಡಿಮೆಯಾಗುತ್ತಿತ್ತಂತೆ. ನೋಡನೋಡುತ್ತ ಮೂರು ವರ್ಷದ ತುಂಬ ದೀಕ್ಷಾ ಓಡಾಡತೊಡಗಿದಳು! ಕಬಡ್ಡಿ ಮೈದಾನದ ಅಂಚಿನಲ್ಲಿ, ಬಾವಿಕಟ್ಟೆಯ ಆಚೆ, ಲ್ಯಾಬಿನ ಕಪಾಟಿನ ಹಿಂದೆ. ಬಾಗಿಲಲ್ಲಿ ವಿಜ್ಞಾನದ ಮೇಷ್ಟ್ರು ನಿಂತು ಕೇಳುತ್ತಿದ್ದರು. ಈಗ ಬೈಯುತ್ತಾರೆ ಎಂದುಕೊಂಡೆವು. ಅವರು ಗಂಟಲು ಸರಿಮಾಡಿಕೊಂಡು, "ಒಂದು ಹೇಳ್ತೇನೆ. ಅವಳು ನಿಮ್ಮ ಹಾಗೆ ಒಂದು ಬೀಕರ್ ಕೂಡ ಒಡೆದವಳಲ್ಲ," ಎಂದು ಹೊರಟುಹೋದರು.

ಈ ರಿಯಾಜ್ ಮೊನ್ನೆ ಗುಂಪಿನಲ್ಲಿ, ತಾನು ಅವತ್ತು ಏನನ್ನೂ ಹೇಳಲೇ ಇಲ್ಲ, ಜ್ವರವೆಂದು ಶಾಲೆಗೇ ಬಂದಿರಲಿಲ್ಲ ಎಂದು ಬರೆದಿದ್ದಾನೆ. ಫೋಟೋದಲ್ಲಿ ಅವನಿಲ್ಲ. ಹಾಗಾದರೆ ಅವತ್ತು ಎದ್ದು ನಿಂತವನು ಯಾರು? ಇರಲಿ. ಮುಂದೆ ಅವನು ಹೇಳಿದ ಇನ್ನೊಂದು ಮಾತು ನನಗೆ ಬೇಕು, ಅವನೇ ಬೇಡವೆಂದರೂ.

ಮೇಷ್ಟ್ರು ಹೋದ ಮೇಲೆ ನಾನು ಎಲ್ಲರಿಗೂ ಒಪ್ಪಂದದ ವಿಷಯ ಹೇಳಿದೆ. ರಿಸಲ್ಟಿನ ದಿನ ದೊಡ್ಡಮ್ಮ ಕೇಳುತ್ತಾಳೆ, ನಾನು ಪಾಸೆಂದರೆ ಮದುವೆ, ಫೇಲೆಂದರೆ ಮಗಳು ಮನೆಯಲ್ಲೇ.

"ಫೇಲ್ ಮಾಡುವ!" ಎಂದಳು ಸಂಧ್ಯಾ ತಕ್ಷಣ. "ಸಮಾಜದಲ್ಲಿ. ಹೇಗೂ ವೀಕ್ ಅಲ್ವಾ. ಪಾಪ, ದೊಡ್ಡಮ್ಮನ ಹತ್ರ ಬೇರೆ ಯಾರು ಇದ್ದಾರೆ? ದೊಡ್ಡಪ್ಪ ಮುಂಬಯಿಯ ಹೋಟೆಲಿನಲ್ಲಿ."

ಹೌದು ಹೌದು, ಫೇಲ್ ಎಂದು ಕೈಗಳು ಎದ್ದವು. ತಾವು ಪಾಸಾಗುವುದೇ ಅನುಮಾನವಿದ್ದ ನಮ್ಮ ಕ್ಲಾಸು ಒಬ್ಬಳನ್ನು ಒಕ್ಕೊರಲಿನಿಂದ ಫೇಲು ಮಾಡಲು ಹೊರಟಿತ್ತು.

"ಹಾಗಾದ್ರೆ ಜೂನಿನಲ್ಲಿ?" ಎಂದ ರಿಯಾಜ್. "ನಾವೆಲ್ಲ ಹೋಗಿರ್ತೇವೆ. ಈ ಕ್ಲಾಸಿಗೆ ಬೇರೆಯವರು ಬರ್ತಾರೆ. ಅವರಿಗೆ ಅವಳ ಗುರ್ತ ಇಲ್ಲ. ಹೂ ಕೂಡ ತರುವವರಿಲ್ಲ. ಅವಳೊಬ್ಬಳನ್ನೇ ಇಲ್ಲಿ ಬಿಟ್ಟು ಹೋಗುದಾ?"

ಎತ್ತಿದ ಕೈಗಳು ಇಳಿದವು. ಎಲ್ಲರೂ ಯಾಕೋ ನಮ್ಮ ಬೆಂಚಿನ ತುದಿಯನ್ನು ನೋಡಿದರು. ಅಲ್ಲಿ ಬೆಳಿಗ್ಗೆ ಇಟ್ಟ ಹೂವಿತ್ತು, ಅದನ್ನು ಅವತ್ತು ಯಾರೂ ಮುಡಿದಿರಲಿಲ್ಲ. ಆ ಹೊತ್ತಿಗೆ ಕಿಟಕಿಯ ಹೊರಗೆ ದೊಡ್ಡಮ್ಮ ನಿಂತಿದ್ದಳೆಂದು ಸಂಧ್ಯಾ ಈಗಲೂ ಆಣೆ ಮಾಡುತ್ತಾಳೆ. ನಾನು ಕಂಡಿಲ್ಲ.

ರಿಸಲ್ಟ್ ಬಂದ ದಿನ ದೊಡ್ಡಮ್ಮ ಜಗಲಿಯಲ್ಲಿ ಕಟ್ಟುತ್ತ ಕೂತಿದ್ದಳು. ನಾನು ಮೊಬೈಲಿನಲ್ಲಿ ನನ್ನದು ನೋಡಿ, ಅವಳ ಎದುರು ಹೋಗಿ ನಿಂತೆ. ಅವಳ ಕೈ ನಿಂತಿತು. ಮೊಗ್ಗೊಂದು ನಾರಿನ ಕುಣಿಕೆಯಲ್ಲಿ ಅರ್ಧ ಸಿಕ್ಕಿಕೊಂಡಿತ್ತು.

"ಅವಳದ್ದು?"

ನಾನು ಮೊಬೈಲನ್ನು ಬೆನ್ನ ಹಿಂದೆ ಹಿಡಿದೆ. ಫೇಲೆನ್ನಲು ಎಷ್ಟು ಹೊತ್ತು ಬೇಕು?

"ಪಾಸು ದೊಡ್ಡಮ್ಮ. ಫಸ್ಟ್ ಕ್ಲಾಸ್."

"ಗಣಿತ?"

"ನನಗಿಂತ ಜಾಸ್ತಿ."

"ಸಮಾಜ?"

"ಹೇಗೋ ದಾಟಿದಳು."

ದೊಡ್ಡಮ್ಮ ಕುಣಿಕೆ ಬಿಗಿದಳು. "ಫೇಲ್ ಅಂದಿದ್ರೆ ನಾನು ಇಟ್ಟುಕೊಳ್ತಿದ್ದೆ," ಎಂದಳು. "ಯಾರ ಮಾತೂ ಕೇಳ್ತಿರಲಿಲ್ಲ." ಮತ್ತೆ ಇನ್ನೊಂದು ಮೊಗ್ಗು ಎತ್ತಿಕೊಂಡು, "ಒಳ್ಳೆ ಮಕ್ಕಳು ನೀವು. ಅವಳೊಬ್ಬಳನ್ನೇ ಅಲ್ಲಿ ಬಿಟ್ಟು ಬರ್ಲಿಲ್ಲ."

ಅದು ಅವತ್ತು ಕ್ಲಾಸಿನಲ್ಲಿ ರಿಯಾಜ್ ಹೇಳಿದ ಮಾತು.

ಆಟಿಯಲ್ಲಿ ಮದುವೆ. ಎರಡು ಮಣೆ: ಒಂದರಲ್ಲಿ ಹಸಿರು ಸೀರೆ, ಬಳೆ, ಮಲ್ಲಿಗೆ, ಇನ್ನೊಂದರಲ್ಲಿ ಕಾಪುವಿನ ಬಿಳಿ ಅಂಗಿ. ಮಾವನೇ ಧಾರೆ ಎರೆದ, ಬಹಳ ಉತ್ಸಾಹದಿಂದ. ಅವನಿಗೆ ಇನ್ನೂ ಮದುವೆಯಾಗಿಲ್ಲ, ಆ ಮಾತು ಬೇರೆ. ಹುಡುಗಿಯ ಕಡೆಯವರಾಗಿ ಸಂಧ್ಯಾ ಮತ್ತು ರಿಯಾಜ್ ಬಂದಿದ್ದರು. ರಿಯಾಜ್ ಒಂದು ಗೋಡೆ ಗಡಿಯಾರ ತಂದಿದ್ದ. ಅದನ್ನು ಎರಡು ಮಣೆಗಳ ನಡುವೆ ಇಟ್ಟ.

ಹೆಣ್ಣು ಒಪ್ಪಿಸಲು ಕಾಪುವಿಗೆ ಹೋದದ್ದು ದೊಡ್ಡಮ್ಮ ಮತ್ತು ನಾನು. ಹೋಗುವಾಗ ಸೀರೆಯ ಗಂಟು ಕಿಟಕಿಯ ಸೀಟಿನಲ್ಲಿತ್ತು, ಅದಕ್ಕೆ ಫುಲ್ ಟಿಕೆಟ್. ಹುಡುಗನ ತಾಯಿ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಹೆಗಲಿಗೆ ಒರಗಿಸಿ ಒಳಗೆ ಹೋದಳು. ದೊಡ್ಡಮ್ಮ ಹೊಸ್ತಿಲು ದಾಟಲಿಲ್ಲ.

ಇನ್ನು ಉಳಿದದ್ದನ್ನು ಕಂಡವಳು ನಾನೊಬ್ಬಳೇ. ಜಗಳ ತೆಗೆಯಲು ಗುಂಪಿನಲ್ಲಿ ಯಾರಿಗೂ ಇದು ಗೊತ್ತಿಲ್ಲ. ನನಗೆ ಅದೇ ಹೆದರಿಕೆ, ನಾನು ಇದನ್ನು ಅಂದಗೊಳಿಸಿಬಿಟ್ಟಿದ್ದೇನೋ ಎಂದು. ಕಂಡಷ್ಟು ಹೇಳುತ್ತೇನೆ.

ವಾಪಸು ಬರುವಾಗ ಕಟಪಾಡಿಯಲ್ಲಿ ಇಳಿದು ಬೇರೆ ಬಸ್ಸು ಹತ್ತಿದೆವು. ಅಭ್ಯಾಸದಂತೆ ನಾನು ತುದಿಯಲ್ಲಿ, ದೊಡ್ಡಮ್ಮ ಮಧ್ಯದಲ್ಲಿ, ಕಿಟಕಿಯ ಪಕ್ಕ ಖಾಲಿ. ಬಸ್ಸು ತುಂಬುತ್ತಿತ್ತು. ಕೈಯಲ್ಲಿ ಚೀಲ, ಸೊಂಟದಲ್ಲಿ ಮಗು ಇದ್ದ ಹೆಂಗಸೊಬ್ಬಳು ನಮ್ಮ ಸಾಲಿನ ಹತ್ತಿರ ಬಂದು ನಿಂತು, ಕಿಟಕಿಯ ಸೀಟು ನೋಡಿ ಕೇಳಿದಳು:

"ಅಲ್ಲಿ ಜನ ಉಂಟಾ?"

ದೊಡ್ಡಮ್ಮ ಆ ಸೀಟಿನ ಕಡೆ ತಿರುಗಿದಳು. ಅದರ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಬಸ್ಸು ಹೊರಟಿತು. ಶಂಕರಪುರದ ರಸ್ತೆಗೆ ತಿರುಗುವ ವರೆಗೂ ಅವಳು ಉತ್ತರ ಹೇಳಲಿಲ್ಲ. ಆ ಹೆಂಗಸೂ ತೂಗಾಡುತ್ತ ಕಾಯುತ್ತಿದ್ದಳು.

"ಇಲ್ಲ," ಎಂದಳು ದೊಡ್ಡಮ್ಮ. "ಕೂತುಕೊಳ್ಳಿ."